ಗಂಡಿಲಿಯ ವಾಸನೆಗೆ ಹೆಣ್ಣು ಮರಿ ಬೇಗ ಪ್ರಾಯಕ್ಕೆ ಬರುವುದು ಹೇಗೆ?

ಪ್ರಶ್ನೆ: ಪ್ರಾಣಿಲೋಕ
ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಬಲಿತ ಗಂಡಿಲಿಯ ಜೊತೆಗಿದ್ದ ಚಿಟ್ಟಿಲಿಯ ಹೆಣ್ಣು ಮರಿಗಳು ಬೇಗ ಪ್ರಾಯಕ್ಕೆ ಬರುತ್ತವೆ, ಹೆಣ್ಣುಗಳೇ ಗುಂಪಾಗಿದ್ದರೆ ತಡವಾಗುತ್ತದೆ ಎಂದು ಓದಿದೆ. ಇದು ವಾಸನೆಯೊಂದರದೇ ಕೆಲಸವೇ, ಇಲ್ಲವೇ ಮೈಸ್ಪರ್ಶ, ಒಡನಾಟಗಳೂ ಸೇರಿವೆಯೇ? ಮೂಗಿಗೆ ಬಿದ್ದ ವಾಸನೆ ಗರ್ಭಕೋಶದವರೆಗೆ ತಲುಪುವ ದಾರಿಯನ್ನು ಬಲ್ಲವರು ದಯವಿಟ್ಟು ವಿವರಿಸಿ.

ಉತ್ತರ: ಜೀವಜಾಲ
ವಾಸನೆಯೊಂದೇ ಸಾಕು ಎಂಬುದನ್ನು ಅಮೆರಿಕದ ಪ್ರಾಣಿಶಾಸ್ತ್ರಜ್ಞ ಜಾನ್ ವ್ಯಾಂಡನ್‌ಬರ್ಗ್ 1969ರಲ್ಲಿ ತೋರಿಸಿದರು. 1967ರ ಅವರ ಕೆಲಸದಲ್ಲಿ ಗಂಡು ಜೊತೆಗಿರುವುದರಿಂದ ಮೊದಲ ಬೆದೆ ಬೇಗ ಬರುತ್ತದೆ ಎಂಬುದಷ್ಟೇ ಕಂಡಿತ್ತು. ಬಳಿಕ ಗಂಡನ್ನೇ ದೂರವಿಟ್ಟು, ಅದರ ಮೂತ್ರ ತಗುಲಿದ ಹಾಸನ್ನು ಮಾತ್ರ ಮರಿಗಳ ಪಂಜರಕ್ಕೆ ಹಾಕಿದರೂ ಪರಿಣಾಮ ಉಳಿಯಿತು. ಬೀಜ ಒಡೆದ ಗಂಡಿನ ಮೂತ್ರಕ್ಕೆ ಈ ಶಕ್ತಿಯಿಲ್ಲ. ಆದ್ದರಿಂದ ಇದರ ಹಿಂದೆ ಗಂಡು ಹಾರ್ಮೋನಿನ ಕೈವಾಡವಿದೆ ಎನ್ನಬಹುದು. ಗುಂಪಿನಲ್ಲಿ ಮೇಲುಗೈ ಪಡೆದ ಗಂಡಿನ ಮೂತ್ರ, ಸೋತು ಅಧೀನವಾದ ಗಂಡಿನದಕ್ಕಿಂತ ಪರಿಣಾಮಕಾರಿ ಎಂಬುದೂ 1977ರಲ್ಲಿ ತಿಳಿದುಬಂತು. ನನಗೆ ಇದು ಈ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ: ಮರಿಗೆ ತಲುಪುವ ಸುದ್ದಿಯಲ್ಲಿ ‘ಗಂಡಿದೆ’ ಎಂಬುದಲ್ಲದೆ ‘ಎಂಥ ಗಂಡಿದೆ’ ಎಂಬುದೂ ಅಡಗಿರುತ್ತದೆ.

ಆದರೂ ನಿಮ್ಮ ಅನುಮಾನ ಸರಿಯಾದುದೇ. ಮೂತ್ರದ ಜೊತೆಗೆ ಗಂಡಿನ ಮೈಸ್ಪರ್ಶವೂ ಸೇರಿದರೆ ಪರಿಣಾಮ ಇನ್ನಷ್ಟು ಬಲವಾಗುತ್ತದೆ.

ಇನ್ನು ದಾರಿಯ ಮಾತು. ಮೂತ್ರದಲ್ಲಿರುವ ಪ್ರೋಟೀನುಗಳು ಹಗುರವಾದ ವಾಸನೆಯ ಅಣುಗಳನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಮೂಗಿನ ನಡುಗೋಡೆಯ ಬುಡದಲ್ಲಿರುವ ವೊಮೆರೊನೇಸಲ್ ಅಂಗವು ಅವನ್ನು ಗ್ರಹಿಸಿ ಮಿದುಳಿನ ಹೈಪೋಥಲಾಮಸ್ ಎಂಬ ಭಾಗಕ್ಕೆ ಸುದ್ದಿ ಮುಟ್ಟಿಸಿದಾಗ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಅಂಡಾಶಯವನ್ನು ಪ್ರಚೋದಿಸುವ ಎಲ್‌ಎಚ್ ಹಾರ್ಮೋನು ಹೆಚ್ಚುತ್ತದೆ, ಅಂಡಾಶಯದಿಂದ ಹೆಣ್ಣು ಹಾರ್ಮೋನಾದ ಈಸ್ಟ್ರೊಜೆನ್ ಹೊಮ್ಮುತ್ತದೆ, ಗರ್ಭಕೋಶ ತೂಕ ಕಟ್ಟಿಕೊಳ್ಳುತ್ತದೆ. ವೊಮೆರೊನೇಸಲ್ ಅಂಗವನ್ನು ತೆಗೆದರೆ ಗಂಡಿನ ವಾಸನೆಯ ಪ್ರಭಾವ ಇಲ್ಲವಾಗುತ್ತದೆ.

ಉತ್ತರ: ಹೊಲದಂಚು
ಹೆಣ್ಣುಗಳ ಗುಂಪಿನಲ್ಲಿ ಪ್ರಾಯವನ್ನು ತಡಮಾಡುವ ವಾಸನೆಯ ಬಗ್ಗೆ ಒಂದು ಮಾತು. ಗುಂಪಿನಲ್ಲಿರುವ ಹೆಣ್ಣುಗಳ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯನ್ನು ತೆಗೆದರೆ ಅವುಗಳ ಮೂತ್ರಕ್ಕೆ ತಡಮಾಡುವ ಗುಣ ಇರುವುದಿಲ್ಲ. ಇದು ಪಂಜರದೊಳಗಿನ ವಿಚಿತ್ರವೇನೂ ಅಲ್ಲ: ಅಮೆರಿಕದ ಹೆದ್ದಾರಿಗಳ ತಿರುವಿನ ನಡುವೆ ಉಳಿದ ಹುಲ್ಲಿನ ತುಂಡು ನೆಲದಲ್ಲಿ ಬದುಕಿದ್ದ ಕಾಡು ಚಿಟ್ಟಿಲಿಗಳ ಸಂಖ್ಯೆ ತೀರಾ ಹೆಚ್ಚಿದಾಗ, ಅಲ್ಲಿನ ಹೆಣ್ಣುಗಳ ಮೂತ್ರವೂ ಮರಿಗಳ ಪ್ರಾಯವನ್ನು ಮುಂದೂಡಿತೆಂದು 1980ರಲ್ಲಿ ವರದಿಯಾಯಿತು.

ಪ್ರೇರಿ ವೋಲ್ ಎಂಬ ಇಲಿಯಂಥ ದಂಶಕದ ಸಂಗತಿಯನ್ನೂ ಓದಿ. ಅದರ ಹೆಣ್ಣು ಮರಿ ತಂದೆ ಮತ್ತು ಅಣ್ಣತಮ್ಮಂದಿರ ಜೊತೆಗಿರುವವರೆಗೆ ಬೆದೆಗೆ ಬರುವುದಿಲ್ಲ. ಅಪರಿಚಿತ ಗಂಡಿನ ಮೂತ್ರದ ಒಂದೇ ಹನಿಯನ್ನು ಮೇಲ್ದುಟಿಗೆ ಸವರಿದರೆ ಮಿದುಳಿನಲ್ಲಿ ಹಾರ್ಮೋನಿನ ಬದಲಾವಣೆ ಶುರುವಾಗುತ್ತದೆ.

ಪ್ರತಿಕ್ರಿಯೆ: ಪ್ರಾಣಿಲೋಕ
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ವಾಸನೆಯ ಪ್ರಭಾವ ಪ್ರಾಯದ ಹೊತ್ತಿಗಷ್ಟೇ ಸೀಮಿತವೇ?

ಉತ್ತರ: ಜೀವಜಾಲ
ಇಲ್ಲ, ಹುಟ್ಟಿದ ಗಳಿಗೆಯಿಂದಲೇ ಇದೆ. ತಾಯಿ ಇಲಿಯ ಮೊಲೆತೊಟ್ಟನ್ನು ಚೆನ್ನಾಗಿ ತೊಳೆದುಬಿಟ್ಟರೆ ಕಣ್ಣು ತೆರೆಯದ ಮರಿ ಅದನ್ನು ಬಾಯಿಗೆ ಹಿಡಿಯುವುದೇ ಇಲ್ಲ. ಗರ್ಭಜಲವನ್ನೋ ತಾಯಿಯ ಜೊಲ್ಲನ್ನೋ ಮತ್ತೆ ಸವರಿದರೆ ಹಿಡಿಯುತ್ತದೆ. ಹಾಲು ಸಿಗದೆ ತೂಕ ಏರದು, ಆದ್ದರಿಂದ ಇಲ್ಲಿ ವಾಸನೆ ಬೆಳವಣಿಗೆಯನ್ನು ಪರೋಕ್ಷವಾಗಿ ನಿರ್ಧರಿಸುತ್ತದೆ. ನೀವು ಪ್ರಯೋಗ ಮಾಡುವುದಾದರೆ ದೇಹದ ತೂಕ ಮತ್ತು ಮೊದಲ ಬೆದೆಯ ದಿನ ಎರಡನ್ನೂ ಬೇರೆಬೇರೆಯಾಗಿ ದಾಖಲಿಸಿ. ಹೋಲಿಕೆಯ ಗುಂಪನ್ನು ಗಂಡಿಲಿಗಳಿಲ್ಲದ ಬೇರೆ ಕೋಣೆಯಲ್ಲೇ ಇಡಿ.