ಕಡಲಿನ ‘ಮೈನ್’ಗೆ ಏನೆನ್ನೋಣ? ‘ಗಣಿ’ಯಂತೂ ಬೇಡ

ಗೆಳೆಯರೇ,

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪೂರ್ವ ಕರಾವಳಿಯ ಹಡಗುದಾರಿಗಳನ್ನು ಹೇಗೆ ಕಾಪಾಡಿದರು ಎಂಬ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಹಡಗು ಬಂದಾಗ ಸಿಡಿಯಲಿ ಅಂತ ನೀರಿನಲ್ಲಿ ಹುದುಗಿಸಿಡುವ ಸ್ಫೋಟಕ, ‘ಮೈನ್’ಗೆ ಏನನ್ನಬೇಕು? ಯಂತ್ರಾನುವಾದದಲ್ಲಿ ‘ನೌಕಾ ಗಣಿ’ ಅಂತ ಬಂತು. ಓದಿದವರು ಕಡಲ ತಳದಲ್ಲಿ ಅದಿರು ತೆಗೆಯುತ್ತಿದ್ದರು ಅಂದುಕೊಂಡಾರು!

ಪಾಪ, ತಪ್ಪು ಯಂತ್ರದ್ದೊಂದೇ ಅಲ್ಲ. ಹಿಂದೆ ಮುತ್ತಿಗೆ ಹಾಕಿದವರು ಕೋಟೆಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸುತ್ತಿದ್ದರು. ತೋಡಿದ ಗುಂಡಿಗಿದ್ದ ‘ಮೈನ್’ ಎಂಬ ಹೆಸರೇ ಒಳಗಿನ ಮದ್ದಿಗೂ ಅಂಟಿಕೊಂಡಿತು. ನೆಲದಲ್ಲಿ ಹೂಳುವುದಕ್ಕೆ ಹಿಂದಿಯವರು ‘ಬಾರೂದಿ ಸುರಂಗ್’ ಅನ್ನುತ್ತಾರಲ್ಲ, ಅದೂ ಇದೇ ಜಾಡು. ನಮ್ಮ ಪತ್ರಿಕೆಗಳು ಸುರಂಗ ಬಿಟ್ಟು ‘ನೆಲಬಾಂಬು’ ಅಂದವು.

ಹಾಗಾದರೆ ಇದು ‘ಕಡಲಬಾಂಬು’ ಆಗಬಹುದಾ? ನನಗೆ ಅರೆಮನಸ್ಸು. ವಿಮಾನದಿಂದ ಬೀಳುವ ಬಾಂಬೂ ಅದೇ ಬರಹದಲ್ಲಿ ಬರುತ್ತದೆ. ಬಾಂಬು ಹಡಗನ್ನು ಹುಡುಕಿಕೊಂಡು ಬರುತ್ತದೆ. ಮೈನ್ ಹಾಗಲ್ಲ, ಹಡಗು ಬರಲಿ ಅಂತ ಕಾಯುತ್ತಾ ಕೂರುತ್ತದೆ. ‘ಹೊಂಚುಗುಂಡು’ ಅಂತ ಒಂದು ಪದ ಕಟ್ಟಿದ್ದೇನೆ. ನಗಬೇಡಿ.

ಹಳೆಯ ಬರಹಗಳಲ್ಲಿ ಇನ್ನೊಂದು ತೊಡಕಿದೆ. 1864ರಲ್ಲಿ ಅಮೆರಿಕದ ಮೊಬೈಲ್ ಕೊಲ್ಲಿಯ ಕಾಳಗದಲ್ಲಿ ಟೆಕಮ್ಸೆ ಎಂಬ ಹಡಗನ್ನು ‘ಟಾರ್ಪಿಡೊ’ ಮುಳುಗಿಸಿತು ಅಂತ ಓದುತ್ತೀರಿ. ಆಗ ಆ ಪದಕ್ಕೆ ನೀರಲ್ಲಿ ಕಟ್ಟಿಟ್ಟ ಮೈನ್ ಎಂದೇ ಅರ್ಥ. ನೀರೊಳಗೆ ತಾನೇ ಓಡಿ ಹಡಗಿಗೆ ಬಡಿಯುವ ಇಂದಿನ ಟಾರ್ಪಿಡೊ ಆಮೇಲೆ ಬಂದದ್ದು. ಹಾಗೇ ಕಡಲಿನ ಮೈನ್ ಬಗೆಗಿನ 1907ರ ಹೇಗ್ ಒಪ್ಪಂದದ ಶೀರ್ಷಿಕೆಯಲ್ಲಿ ‘ಸಬ್‌ಮರೀನ್’ ಅಂತಿದೆ. ಸುಮ್ನೆ ‘ಜಲಾಂತರ್ಗಾಮಿ’ ಅಂತ ಬರೆದರೆ ಕೆಟ್ಟಿತು. ಅಲ್ಲಿ ಅದು ‘ನೀರಡಿಯ’ ಅಷ್ಟೇ.

ನಿಜವಾದ ಕಷ್ಟ ಕ್ರಿಯಾಪದದ್ದು. ಮೈನ್ ತೆಗೆಯುವಲ್ಲಿ ‘ಸ್ವೀಪಿಂಗ್’ ಮತ್ತು ‘ಹಂಟಿಂಗ್’ ಬೇರೆಬೇರೆ ಕೆಲಸ. ಎರಡಕ್ಕೂ ‘ತೆರವು’ ಅಂದರೆ ವ್ಯತ್ಯಾಸವೇ ಸತ್ತುಹೋಗುತ್ತದೆ. ಎರಡನೆಯದರಲ್ಲಿ ಸೋನಾರ್ (ಸದ್ದಿನ ಅಲೆಗಳಿಂದ ನೀರೊಳಗೆ ಹುಡುಕುವ ಸಾಧನ) ಹಿಡಿದು ಒಂದೊಂದೇ ಮೈನ್ ಪತ್ತೆಮಾಡಿ ನಾಶಮಾಡುತ್ತಾರೆ. ಅದಕ್ಕೆ ‘ಬೇಟೆ’ ಚೆನ್ನಾಗಿ ಹೊಂದುತ್ತದೆ. ಮೊದಲನೆಯದರಲ್ಲಿ ಮೈನ್ ಎಲ್ಲಿದೆ ಅಂತ ಗೊತ್ತಿರಬೇಕಿಲ್ಲ. ಮೀನಿನ ಟ್ರಾಲರುಗಳನ್ನೇ ಇದಕ್ಕೆ ಜಾಸ್ತಿ ಬಳಸಿದರು. ಬಲೆಯ ಬದಲು ಉಕ್ಕಿನ ಹಗ್ಗ ಎಳೆದುಕೊಂಡು ಹೋದರೆ, ಅದು ಮೈನಿನ ಲಂಗರಿನ ಹಗ್ಗವನ್ನು ಕತ್ತರಿಸುತ್ತದೆ. ಮೈನ್ ಮೇಲೆ ತೇಲುತ್ತದೆ. ಆಮೇಲೆ ಗುಂಡು ಹೊಡೆದು ಸಿಡಿಸುವುದು, ಇಲ್ಲವೇ ಮುಳುಗಿಸುವುದು.

ಇದಕ್ಕೆ ‘ಗೋರು’ ಅನ್ನೋಣ ಅಂದುಕೊಂಡಿದ್ದೆ. ಬಲೆ ಎಳೆಯುವ ಕೆಲಸದ ನೆನಪು ಅದರಲ್ಲಿದೆ. ಆದರೆ ತಳದಲ್ಲಿ ಮಲಗಿ, ಮೇಲೆ ಹಾಯುವ ಹಡಗಿನ ಕಾಂತತ್ವಕ್ಕೆ ಸಿಡಿಯುವ ಕಾಂತದ ಮೈನ್‌ಗೆ ಕತ್ತರಿಸಲು ಹಗ್ಗವೇ ಇಲ್ಲ. 1939ರ ನವೆಂಬರಿನಲ್ಲಿ ಇಂಗ್ಲೆಂಡಿನ ಶೂಬರಿನೆಸ್ ಬಳಿಯ ಕೆಸರಿನಲ್ಲಿ ಅಂಥದ್ದೊಂದು ಸಿಕ್ಕಿತು. ಬ್ರಿಟಿಷರು ಬಿಚ್ಚಿ ನೋಡಿ ಅದರ ಗುಟ್ಟು ತಿಳಿದರು. ಬಳಿಕ ಹಡಗುಗಳು ವಿದ್ಯುತ್ ಕೇಬಲ್ ಎಳೆದುಕೊಂಡು ಹೋಗಿ, ಹಡಗೇ ಬಂದಂತೆ ಕಾಂತಕ್ಷೇತ್ರ ಹುಟ್ಟಿಸಿ ಅವನ್ನು ದೂರದಿಂದಲೇ ಸಿಡಿಸಿದವು. ಇದು ಗೋರುವುದಲ್ಲ, ಮೈನಿಗೇ ಮೋಸ ಮಾಡುವುದು! ಆದರೂ ಇಂಗ್ಲಿಷಿನಲ್ಲಿ ಇದೂ ‘ಸ್ವೀಪಿಂಗ್’.

ಕೊನೆಗೆ ‘ಗುಡಿಸು’ಗೇ ಬಂದೆ. ಉತ್ತರ ಇಂಗ್ಲೆಂಡಿನ ಟೈನ್ ನದಿಯಿಂದ ಲಂಡನ್ನಿಗೆ ಕಲ್ಲಿದ್ದಲು ತರುವ ಹಡಗುಗಳಿಗೆ ತೇಲುಬುರುಡೆಗಳಿಂದ ಗುರುತು ಹಾಕಿದ ದಾರಿ ಇತ್ತು. ಬ್ರಿಟಿಷರು ಗುಡಿಸಿದ ಮೇಲೆ ಜರ್ಮನ್ನರು ರಾತ್ರಿ ಬಂದು ಮತ್ತೆ ಮೈನ್ ಬಿತ್ತುತ್ತಿದ್ದರು. ಮತ್ತೆ ಗುಡಿಸಬೇಕು. ಒಮ್ಮೆ ಮಾಡಿದರೆ ಮುಗಿಯದ ಕೆಲಸ ಅನ್ನುವುದು ‘ಗುಡಿಸು’ವಿನಲ್ಲಿ ತಾನಾಗಿಯೇ ಬರುತ್ತದೆ, ಅಲ್ವಾ? ‘ಗುಡಿಸಿದ ದಾರಿ’ ಕಿವಿಗೂ ಹಿತ. ಆ ದಾರಿಯ ಹೊರಮಗ್ಗುಲಿಗೆ ಬ್ರಿಟಿಷರೇ ಇಟ್ಟ ಮೈನ್ ಸಾಲನ್ನು ‘ಮೈನ್ ಬೇಲಿ’ ಅಂತ ಬರೆದಿದ್ದೇನೆ.

ಈಗ ನೀವು ಹೇಳಿ. ‘ಹೊಂಚುಗುಂಡು’ ಇಟ್ಟುಕೊಳ್ಳಲೋ, ಸುಮ್ಮನೆ ‘ಮೈನ್’ ಅಂತಲೇ ಬಿಡಲೋ? ಇನ್ನೊಂದು, ಮೈನ್ ಹುದುಗಿಸಿಟ್ಟ ಜಾಗ, ಅಂದರೆ ‘ಮೈನ್‌ಫೀಲ್ಡ್’ಗೆ ‘ಬಿತ್ತಿದ ನೀರು’ ಅಂದರೆ ತೀರಾ ಕವಿತೆಯಾಯಿತಾ?