ಸಹಾಯ ಬೇಕು: ಗರ್ಭಕೋಶ ಜಾರಿದ್ದಕ್ಕೆ ಆಪರೇಷನ್ ಆದ ಮೇಲೆ ಮೂತ್ರ ಹೋಗುವ ಪರೀಕ್ಷೆ

ನಮಸ್ಕಾರ. ವಾರ್ಡಿನ ನರ್ಸ್‌ಗಳಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇವೆ, ಎರಡು ಕಡೆ ಸಿಕ್ಕಿಕೊಂಡಿದ್ದೇವೆ.

ಈವರೆಗೆ ಬರೆದದ್ದು: ಯೋನಿಯೊಳಗಿನ ಪ್ಯಾಕ್ (ರಕ್ತ ನಿಲ್ಲಲು ತುಂಬಿದ ಬಟ್ಟೆ) ಮೊದಲೇ ತೆಗೆದಿರಬೇಕು, ಅದು ಮೂತ್ರನಾಳವನ್ನು ಒತ್ತುತ್ತದೆ. ಮೂತ್ರಚೀಲ ಪೂರ್ತಿ ಖಾಲಿ ಮಾಡಿ, ಕ್ಯಾತಿಟರ್ (ಮೂತ್ರ ಹೊರಬರಲು ಹಾಕಿದ ನಳಿಕೆ) ಮೂಲಕವೇ 300 ಮಿ.ಲೀ. ಸ್ಟೆರೈಲ್ ಸಲೈನ್ ತುಂಬಿಸುವುದು. ದೊಡ್ಡ ಸಿರಿಂಜ್‌ನ ಒಳದಂಡ ತೆಗೆದು, ಬರೀ ಕೊಳವೆಯನ್ನು ಕ್ಯಾತಿಟರ್‌ಗೆ ಸಿಕ್ಕಿಸಿ ಎತ್ತಿ ಹಿಡಿದರೆ ಸಲೈನ್ ತಾನಾಗಿ ಇಳಿಯುತ್ತದೆ. ಜೋರಾಗಿ ತಳ್ಳಿದರೆ ಮೂತ್ರಚೀಲ ಹಿಂಡಿಕೊಂಡು ಕ್ಯಾತಿಟರ್ ಪಕ್ಕದಿಂದ ಸೋರುತ್ತದೆ, ಆಗ ಲೆಕ್ಕವೇ ತಪ್ಪುತ್ತದೆ. ರೋಗಿಗೆ ತಡೆಯಲಾಗದಷ್ಟು ಒತ್ತಡ ಬಂದರೆ ಅಲ್ಲಿಗೇ ನಿಲ್ಲಿಸಿ, ಒಳಗೆ ಹೋದಷ್ಟನ್ನು ಬರೆದುಕೊಳ್ಳಿ. ಕ್ಯಾತಿಟರ್ ಜಾರದಂತೆ ಒಳಗೆ ಹಿಡಿದಿಡುವ ಬಲೂನಿನ ನೀರು ಎಳೆದು ಕ್ಯಾತಿಟರ್ ತೆಗೆದ ಮೇಲೆ 30 ನಿಮಿಷ ಸಮಯ, ಅಳತೆ ಪಾತ್ರೆ, ಬಾಗಿಲು ಹಾಕಿದ ಶೌಚಾಲಯ. ಯಾರಾದರೂ ಎದುರಿಗೆ ನಿಂತಿದ್ದರೆ ಎಷ್ಟೋ ಜನರಿಗೆ ಮೂತ್ರ ಬರುವುದೇ ಇಲ್ಲ. ತುಂಬಿಸಿದ್ದರಲ್ಲಿ ಮೂರನೇ ಎರಡು ಭಾಗ, ಅಂದರೆ 300ಕ್ಕೆ 200 ಮಿ.ಲೀ. ಬಂದರೆ ಪಾಸ್. ಸ್ವಲ್ಪಸ್ವಲ್ಪವೇ ತೊಟ್ಟಿಕ್ಕುತ್ತಿದ್ದರೆ ಪಾಸ್ ಅಲ್ಲ, ಮೂತ್ರಚೀಲ ತುಂಬಿ ಚೆಲ್ಲುತ್ತಿರಬಹುದು.

ಈಗ ಪ್ರಶ್ನೆಗಳು. 280 ಮಿ.ಲೀ. ಮೂತ್ರ ಹೊರಗೆ ಹೋಗಿದ್ದರೂ ಬ್ಲ್ಯಾಡರ್ ಸ್ಕ್ಯಾನರ್ (ಮೂತ್ರಚೀಲದಲ್ಲಿ ಉಳಿದದ್ದನ್ನು ಹೊರಗಿನಿಂದಲೇ ಅಳೆಯುವ ಯಂತ್ರ) 180 ಉಳಿದಿದೆ ಎನ್ನುತ್ತದೆ ಅಂದುಕೊಳ್ಳಿ. ಪಕ್ಕದಲ್ಲಿ ಹೆಪ್ಪುಗಟ್ಟಿದ ರಕ್ತವನ್ನೋ ದ್ರವವನ್ನೋ ಯಂತ್ರ ಮೂತ್ರವೆಂದು ಎಣಿಸಿರಬಹುದು. ಹೊಸದಾಗಿ ಇಳಿದ ಮೂತ್ರವೂ ಇರಬಹುದು. ಇಂಥಲ್ಲಿ ನೀವು ಒಮ್ಮೆ ಸಣ್ಣ ಕ್ಯಾತಿಟರ್ ಹಾಕಿ ಖಚಿತಪಡಿಸಿಕೊಳ್ಳುತ್ತೀರಾ, ಅಥವಾ ಇನ್ನೊಮ್ಮೆ ಮೂತ್ರ ಮಾಡಿಸಿ ಸ್ಕ್ಯಾನ್ ಮಾಡುತ್ತೀರಾ?

ಎರಡನೆಯದು, ಫೇಲ್ ಆದವರದು. ಊತ, ನೋವು, ಮಾರ್ಫಿನ್ ಜಾತಿಯ ಔಷಧಿ, ಮಲಬದ್ಧತೆ ಇವೇ ಹೆಚ್ಚಾಗಿ ಕಾರಣ, ಬಹುಪಾಲು ತಾತ್ಕಾಲಿಕ. ಕ್ಯಾತಿಟರ್ ಇಟ್ಟೇ ಮನೆಗೆ ಕಳಿಸಿ ಎಷ್ಟನೇ ದಿನ ಮತ್ತೆ ಪರೀಕ್ಷಿಸುತ್ತೀರಿ? ತಾವೇ ಕ್ಯಾತಿಟರ್ ಹಾಕಿಕೊಳ್ಳುವುದನ್ನು ಕಲಿಸುವವರಿದ್ದರೆ, ಯೋನಿಯ ಹೊಲಿಗೆಗೆ ತಾಗದಂತೆ ಹೇಗೆ ತೋರಿಸುತ್ತೀರಿ? ನಿಮ್ಮ ವಾರ್ಡಿನ ಚಾರ್ಟ್ ಇದ್ದರೆ, ರೋಗಿಯ ವಿವರ ತೆಗೆದು ದಯವಿಟ್ಟು ಹಾಕಿ.