ಓದುಗರ ಸ್ಪಂದನ: ಗ್ರಾಮರ್ ಶಾಲೆ ಅರ್ಜಿಯಲ್ಲಿ ಮೊದಲು ಯಾವ ಹೆಸರು?

ಇಂಗ್ಲೆಂಡಿನ ಸ್ಲೌನಿಂದ ಓದುಗರೊಬ್ಬರು ಬರೆದಿದ್ದರು: ‘ಮಗಳು ಬಕಿಂಗ್‌ಹ್ಯಾಮ್‌ಶೈರ್‌ನ ಇಲೆವೆನ್ ಪ್ಲಸ್‌ನಲ್ಲಿ (ಗ್ರಾಮರ್ ಶಾಲೆಗೆ ಸೇರುವ ಪ್ರವೇಶ ಪರೀಕ್ಷೆ) 124 ತೆಗೆದಿದ್ದಾಳೆ. ಅರ್ಜಿಯ ಪಟ್ಟಿಯಲ್ಲಿ ದೂರದ ಗ್ರಾಮರ್ ಶಾಲೆಯನ್ನೇ (ಆ ಪರೀಕ್ಷೆ ಪಾಸಾದವರನ್ನು ಸೇರಿಸಿಕೊಳ್ಳುವ ಸರ್ಕಾರಿ ಪ್ರೌಢಶಾಲೆ) ಮೊದಲು ಹಾಕೋಣ ಅಂತಾರೆ ಯಜಮಾನರು. ಅದು ಸಿಗದಿದ್ದರೆ ಮನೆ ಹತ್ತಿರದ ಶಾಲೆಯೂ ಕೈತಪ್ಪುತ್ತದೇನೋ ಎಂಬ ಭಯ ನನಗೆ. ಏನು ಮಾಡಲಿ?’

ಆ ಭಯ ಬೇಡ. ತಮ್ಮನ್ನು ಮೊದಲ ಸಾಲಿನಲ್ಲಿ ಬರೆದವರಿಗೇ ಮೊದಲು ಸೀಟು ಕೊಡುವ ಶಾಲೆಗಳು ಇಲ್ಲಿ ಹಿಂದೆ ಇದ್ದವು. 2007ರ ಪ್ರವೇಶ ಸಂಹಿತೆ ಅದನ್ನು ನಿಲ್ಲಿಸಿತು. ಈಗ ಪ್ರತಿ ಶಾಲೆಯೂ ತನ್ನ ನಿಯಮದಂತೆ ಮಕ್ಕಳ ಪಟ್ಟಿ ಮಾಡುತ್ತದೆ, ನೀವು ಅದನ್ನು ಎಷ್ಟನೆಯದಾಗಿ ಬರೆದಿರಿ ಎಂಬುದು ಲೆಕ್ಕಕ್ಕಿಲ್ಲ. ಮಗಳಿಗೆ ಎರಡು ಮೂರು ಕಡೆ ಸೀಟು ಬರುವಂತಿದ್ದರೆ, ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಟ್ಟು, ಮಿಕ್ಕವನ್ನು ಬೇರೆ ಮಕ್ಕಳಿಗೆ ಬಿಡುತ್ತದೆ. ಹಾಗಾಗಿ ನಿಜವಾಗಿ ಬೇಕೆನಿಸಿದ ಕ್ರಮದಲ್ಲೇ ಬರೆಯಿರಿ, ಹತ್ತಿರದ ಶಾಲೆಯನ್ನು ಮಾತ್ರ ಬಿಡಬೇಡಿ. ‘ಒಂದೇ ಹೆಸರು ಬರೆದರೆ ಕೊಡಲೇಬೇಕಲ್ಲ’ ಎಂದು ಜಾಣತನ ಮಾಡುವವರಿದ್ದಾರೆ. ಅದು ಸಿಗದಿದ್ದಾಗ ಅವರ ಪಾಲಿಗೆ ಬರುವುದು ಬೇರೆಯವರು ತುಂಬಿ ಉಳಿದ ಸೀಟು.
– ಇಬ್ಬರು ಮಕ್ಕಳ ತಂದೆ, ರೀಡಿಂಗ್

ಅಕ್ಕಾ, 121 ಬಂದರೆ ಪಾಸು, ಆದರೆ ಪಾಸಾದವರಿಗೆಲ್ಲ ಸೀಟಿಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನ ಬಹುತೇಕ ಗ್ರಾಮರ್ ಶಾಲೆಗಳಲ್ಲಿ ಆ ಗೆರೆ ದಾಟಿದ ಮೇಲೆ ಹೆಚ್ಚು ಅಂಕಕ್ಕೆ ಬೆಲೆಯಿಲ್ಲ. ಕ್ಯಾಚ್‌ಮೆಂಟ್ (ಶಾಲೆ ತನ್ನದೆಂದು ಗೆರೆ ಹಾಕಿಕೊಂಡ ಸುತ್ತಲ ಪ್ರದೇಶ) ಒಳಗಿನ ಮಕ್ಕಳು, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವವರು, ಆಮೇಲೆ ಮನೆಯ ದೂರ, ಹೀಗೆ ನೋಡುತ್ತಾರೆ. ನೀವು ಸ್ಲೌನವರು, ಅಂದರೆ ಬೇರೆ ಕೌನ್ಸಿಲ್. ಕ್ಯಾಚ್‌ಮೆಂಟ್‌ನ ಗೆರೆ ಕೆಲವೊಮ್ಮೆ ಕೌನ್ಸಿಲ್‌ನ ಗಡಿ ದಾಟುವುದೂ ಉಂಟು, ಆದ್ದರಿಂದ ಶಾಲೆಯ ನಕ್ಷೆ ತೆರೆದು ನಿಮ್ಮ ಪೋಸ್ಟ್‌ಕೋಡ್ ಹಾಕಿ ನೋಡಿ. ಹೋದ ವರ್ಷ ಕೊನೆಯ ಸೀಟು ಎಷ್ಟು ಮೈಲಿ ದೂರದ ಮನೆಗೆ ಹೋಯಿತು ಅಂತಲೂ ವಿಚಾರಿಸಿ. ಯಜಮಾನರ ಮುಂದೆ ಆ ಅಂಕಿ ಇಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.
– ಓದುಗರು, ಹೈ ವಿಕಂಬ್

ಪತ್ರದಲ್ಲಿ ಯಜಮಾನರ ಮಾತಿದೆ, ನಿಮ್ಮ ಮಾತಿದೆ, ಓದಬೇಕಾದ ಹುಡುಗಿಯ ಮಾತೇ ಇಲ್ಲವಲ್ಲಮ್ಮ! ಮಗನ ಮನೆಗೆ ಬಂದಾಗ ಡಿಸೆಂಬರಿನಲ್ಲಿ ನೋಡಿದ್ದೇನೆ: ಇನ್ನೂ ಕತ್ತಲಿರುವಾಗಲೇ ಮಕ್ಕಳು ಬಸ್ ಸ್ಟಾಪಿನಲ್ಲಿ ನಿಂತಿರುತ್ತವೆ, ಕೈ ಜೇಬಿನಲ್ಲಿ, ಬೆನ್ನಿಗೆ ಮಣಭಾರದ ಚೀಲ. ಸಂಜೆ ತಿರುಗಿ ಬರುವಾಗಲೂ ಕತ್ತಲೆಯೇ. ಏಳು ವರ್ಷ ಹೀಗೆ ಓಡಾಡುವವಳು ಅವಳು. ಒಮ್ಮೆ ಶಾಲೆ ಬಿಡುವ ಹೊತ್ತಿಗೆ ಅವಳನ್ನು ಅದೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬನ್ನಿ. ಗ್ರಾಮರ್ ಅಲ್ಲದ ಶಾಲೆಯಲ್ಲಿ ಓದಿದವರೇನು ಕೆಟ್ಟುಹೋಗಿಲ್ಲ. ಇಂಗ್ಲೆಂಡಿನಲ್ಲಿ ಇರುವುದೇ 163 ಗ್ರಾಮರ್ ಶಾಲೆ, ಹೊಸದು ತೆರೆಯುವುದಕ್ಕೆ 1998ರ ಕಾನೂನು ಅಡ್ಡ ಬರುತ್ತದೆ ಅಂತ ಮಗ ಹೇಳುತ್ತಿದ್ದ. ಅಷ್ಟು ಸೀಟಿಗೆ ಊರಿಗೆ ಊರೇ ನುಗ್ಗಿದರೆ?
– ನಿವೃತ್ತ ಶಿಕ್ಷಕಿ, ಮೈಸೂರು

ಮಾರ್ಚ್ 1ಕ್ಕೆ ಬಂದ ಸೀಟು ಇಷ್ಟವಾಗದಿದ್ದರೂ ಒಪ್ಪಿಕೊಳ್ಳಿ. ಒಪ್ಪಿದರೆ ಬೇರೆ ಶಾಲೆಯ ವೇಟಿಂಗ್ ಲಿಸ್ಟಿಗೂ ಅಪೀಲಿಗೂ ತೊಂದರೆಯಿಲ್ಲ. ಬೇಡವೆಂದು ಬಿಟ್ಟರೆ ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ. ಅರ್ಜಿಗೆ ಅಕ್ಟೋಬರ್ 31 ಕೊನೆ. ಶಾಲೆ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿದ್ದರೂ ಅರ್ಜಿ ಹಾಕಬೇಕಾದ್ದು ನಿಮ್ಮ ಸ್ಲೌ ಕೌನ್ಸಿಲ್‌ಗೇ.
– ಓದುಗರು, ಮೇಡನ್‌ಹೆಡ್